ಕಾರಿನ ಫ್ಯಾನ್ ತಿರುಗುತ್ತಿಲ್ಲವೇ? ಮೋಟರ್ ಬದಲಿಸುವ ಮೊದಲು ಇಷ್ಟು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ರೇಡಿಯೇಟರ್ ಫ್ಯಾನಿನದ್ದೇ. ಮಳೆ ನಿಂತು ಸೆಕೆ ಶುರುವಾಗುವ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಇದು ಮಾಮೂಲಿ. ಮಳೆಗಾಲದಲ್ಲಿ ಕಪ್ಲರ್ (ವಯರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಒಳಗೆ ನೀರು ಹೋಗಿ ಕೂತಿರುತ್ತದೆ, ಆದರೆ ಆಗ ಫ್ಯಾನಿಗೆ ಕೆಲಸವೂ ಕಮ್ಮಿ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಬ್ರೇಕ್, ಕ್ಲಚ್ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಉಂಟು.

ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಕಾರು. ಹೈವೇಯಲ್ಲಿ ಬರುವಾಗ ಏನೂ ತೊಂದರೆ ಇಲ್ಲ. ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಸ್ವಲ್ಪ ಹೊತ್ತು ಸಿಕ್ಕಿಹಾಕಿಕೊಂಡರೆ ಸಾಕು, ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತದೆ, ಎಸಿಯಲ್ಲಿ ಬಿಸಿ ಗಾಳಿ ಬರುತ್ತದೆ. ಗ್ಯಾರೇಜಿನವರು ಮೊದಲು ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಬದಲಿಸಿದರು, ಆಮೇಲೆ ರೇಡಿಯೇಟರ್ ಕ್ಲೀನ್ ಮಾಡಿಸಿದರು. ಈಗ ಫ್ಯಾನ್ ತಿರುಗುತ್ತಿಲ್ಲ, ಪೂರ್ತಿ ಸೆಟ್ ಹಾಕಬೇಕು ಅನ್ನುತ್ತಾರೆ. ಇನ್ನೂ ದುಡ್ಡು ಹಾಕುವುದಾ? ಎಂತ ಮಾಡುವುದು? – ಸುರತ್ಕಲ್‌ನ ಓದುಗರು

ಉತ್ತರ: ಸ್ವಲ್ಪ ತಡೆಯಿರಿ ಮಾರಾಯ್ರೆ, ಸೆಟ್ ಈಗಲೇ ಬೇಡ.

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಉಂಟು. ಓಡುವಾಗ ಎದುರಿನ ಗಾಳಿಯೇ ರೇಡಿಯೇಟರ್ ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನ್ ಮಾಡಬೇಕು. ಓಡುವಾಗ ಸರಿ, ನಿಂತಾಗ ಬಿಸಿ ಅಂದರೆ ಮೊದಲ ಅನುಮಾನ ಫ್ಯಾನ್ ಮೇಲೆಯೇ. ಎಸಿಯ ಬಿಸಿ ಹೊರಗೆ ಬಿಡುವ ಕಂಡೆನ್ಸರ್ ಕೂಡ ರೇಡಿಯೇಟರ್ ಎದುರಿಗೇ ಇರುವುದರಿಂದ ಅದಕ್ಕೂ ಗಾಳಿ ಇಲ್ಲ, ಅದಕ್ಕೇ ಎಸಿ ಬಿಸಿ. ಥರ್ಮೋಸ್ಟ್ಯಾಟ್ ತೆರೆಯದೆ ಸಿಕ್ಕಿಕೊಂಡಿದ್ದರೆ ಅಥವಾ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಹೈವೇಯಲ್ಲೂ ಘಾಟಿಯಲ್ಲೂ ಮುಳ್ಳು ಏರುತ್ತಿತ್ತು. ಅಂದರೆ ಮೊದಲಿನ ಎರಡು ಖರ್ಚೂ ಬೇಡದ್ದೇ ಇರಬಹುದು. ಆದದ್ದು ಆಯ್ತು.

ಈಗ ಫ್ಯಾನ್ ತಿರುಗುತ್ತಿಲ್ಲ ಅಂದ ಮಾತ್ರಕ್ಕೆ ಮೋಟರ್ ಹೋಗಿದೆ ಅಂತಲ್ಲ. ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ರಿಲೇಯಿಂದ ಕಪ್ಲರಿಗೆ, ಅಲ್ಲಿಂದ ಮೋಟರಿಗೆ, ಮೋಟರಿನಿಂದ ಬಾಡಿ ಅರ್ತಿಗೆ, ಅಂದರೆ ಕಾರಿನ ಬಾಡಿ ಮೂಲಕ ಬ್ಯಾಟರಿ ನೆಗೆಟಿವ್‌ಗೆ – ಕರೆಂಟ್ ಹೋಗುವ ದಾರಿ ಇಷ್ಟೇ. ಆ ರಿಲೇಯನ್ನು ಯಾವಾಗ ಎಳೆಯಬೇಕು ಅಂತ ಹೇಳುವುದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್; ಅದಕ್ಕೆ ಬಿಸಿ ಎಷ್ಟು ಅಂತ ತಿಳಿಸುವುದು ಕೂಲೆಂಟ್ (ಇಂಜಿನ್ ತಣಿಸುವ ನೀರು) ಸೆನ್ಸರ್. ಕರೆಂಟ್ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಅಂತ ಹುಡುಕಬೇಕು. ಅದು ಗೊತ್ತಾಗುವವರೆಗೆ ಯಾವ ಪಾರ್ಟನ್ನೂ ಖರೀದಿಸಬೇಡಿ. ನಿಮ್ಮ ಮೆಕ್ಯಾನಿಕ್‌ಗೂ ಇದನ್ನೇ ಹೇಳಿ, ಬೇಸರ ಮಾಡಿಕೊಂಡರೂ ಪರವಾಗಿಲ್ಲ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ಕೀ ತೆಗೆದಿದ್ದರೂ ಫ್ಯಾನ್ ಇದ್ದಕ್ಕಿದ್ದ ಹಾಗೆ ತಿರುಗಬಹುದು. ಕೈ, ಶಾಲು, ಜೋತುಬಿದ್ದ ಐಡಿ ಕಾರ್ಡ್ ಎಲ್ಲ ದೂರ ಇಡಿ.

ಮೊದಲು ಕಾಸಿಲ್ಲದ ಪರೀಕ್ಷೆ. ಇಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ, ಬಾನೆಟ್ ತೆಗೆದು ನೋಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು, ಇಂಜಿನ್ ತಣ್ಣಗಿದ್ದರೂ. ಎಸಿಗೆ ತಿರುಗುತ್ತದೆ, ಇಂಜಿನ್ ಬಿಸಿಯಾದರೆ ತಿರುಗುವುದಿಲ್ಲ ಅಂತಾದರೆ ಮೋಟರ್, ಫ್ಯೂಸ್, ದಪ್ಪ ವಯರ್ ಎಲ್ಲ ಸರಿ ಉಂಟು. ತೊಂದರೆ ಸೆನ್ಸರ್ ಕಡೆ. ಎರಡಕ್ಕೂ ತಿರುಗುವುದಿಲ್ಲ ಅಂದರೆ ಮೇಲೆ ಹೇಳಿದ ಫ್ಯೂಸ್, ರಿಲೇ, ಕಪ್ಲರಿನ ದಪ್ಪ ವಯರಿನ ದಾರಿಯಲ್ಲೇ ಹುಡುಕಬೇಕು. ಎರಡು ಫ್ಯಾನ್ ಇರುವ ಕಾರಾದರೆ ಎರಡನ್ನೂ ಬೇರೆ ಬೇರೆ ನೋಡಿ, ಅವಕ್ಕೆ ರಿಲೇಯೂ ಬೇರೆ ಬೇರೆ ಇರಬಹುದು.

ನಿಮ್ಮದು ಎರಡಕ್ಕೂ ತಿರುಗುವುದಿಲ್ಲ ಅಂತ ಇಟ್ಟುಕೊಳ್ಳೋಣ, ಎಸಿ ಬಿಸಿಯಾಗುವುದು ನೋಡಿದರೆ ಹಾಗೇ ಕಾಣುತ್ತದೆ. ಬಾನೆಟ್ ಕೆಳಗಿನ ಬಾಕ್ಸಿನಲ್ಲಿ ಫ್ಯಾನಿನ ಫ್ಯೂಸ್ 30 ಅಥವಾ 40 ಆಂಪಿಯರಿನ ದೊಡ್ಡದು. ಸುಮ್ನೆ ಮೇಲಿನಿಂದ ನೋಡಿ ಸರಿ ಉಂಟು ಅನ್ನಬೇಡಿ, ಕೂದಲಿನಷ್ಟು ಬಿರುಕು ಕಣ್ಣಿಗೆ ಕಾಣುವುದಿಲ್ಲ. ಟೆಸ್ಟ್ ಲ್ಯಾಂಪ್‌ನ (ಒಂದು ವಯರ್ ಬ್ಯಾಟರಿ ನೆಗೆಟಿವ್‌ಗೆ ಹಾಕಿ ಮೊನೆ ಮುಟ್ಟಿಸಿ ನೋಡುವ ಸಣ್ಣ ಬಲ್ಬ್) ಮೊನೆಯನ್ನು ಫ್ಯೂಸಿನ ಎರಡೂ ಬದಿ ಮುಟ್ಟಿಸಿ. ಒಂದು ಬದಿಯಲ್ಲಿ ಉರಿದು ಇನ್ನೊಂದು ಬದಿಯಲ್ಲಿ ಉರಿಯದಿದ್ದರೆ ಫ್ಯೂಸ್ ಹೋಗಿದೆ. ಹೊಸದು ಹಾಕಿದ ಕೂಡಲೇ ಅದೂ ಹೋದರೆ ಮೋಟರ್ ಜಾಮ್ ಆಗಿದೆ ಅಥವಾ ವಯರ್ ಎಲ್ಲೋ ಬಾಡಿಗೆ ತಾಗುತ್ತಿದೆ. 40 ಇದ್ದಲ್ಲಿಗೆ 60 ಹಾಕುವುದು, ತಂತಿ ಸುತ್ತುವುದು – ದಯವಿಟ್ಟು ಬೇಡ. ಫ್ಯೂಸ್ ಸುಡದಿದ್ದರೆ ವಯರ್ ಸುಡುತ್ತದೆ.

ಮುಂದೆ ರಿಲೇ. ಅದೇ ನಂಬರಿನ, ಅದೇ ಪಿನ್ನಿನ ರಿಲೇ ಹಾರ್ನಿಗೋ ಬೇರೆ ಯಾವುದಕ್ಕೋ ಇದ್ದರೆ ಅದಲು ಬದಲು ಮಾಡಿ ನೋಡಿ. ಟಿಕ್ ಅಂತ ಸದ್ದು ಬರುತ್ತದೆ, ಹಾಗಾಗಿ ರಿಲೇ ಸರಿ ಉಂಟು ಅನ್ನುವವರು ತುಂಬ ಜನ. ಸದ್ದು ಬರುವುದು ಒಳಗಿನ ಕೊಯ್ಲ್ (ತಂತಿ ಸುರುಳಿ) ಎಳೆದಾಗ, ಕರೆಂಟ್ ದಾಟುವ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೂ ಟಿಕ್ ಅನ್ನುತ್ತದೆ! ರಿಲೇ ಕಿತ್ತು ಸಾಕೆಟ್ ನೋಡಿ. ಸಾಮಾನ್ಯವಾಗಿ 30ನೇ ಪಿನ್ನಿಗೆ ಯಾವಾಗಲೂ ಬ್ಯಾಟರಿ ಕರೆಂಟ್ ಇರಬೇಕು, 87 ಫ್ಯಾನಿಗೆ ಹೋಗುತ್ತದೆ, 85 ಮತ್ತು 86 ಕೊಯ್ಲಿನದ್ದು. ಈ ನಂಬರು ಹೆಚ್ಚಾಗಿ ರಿಲೇಯ ಅಡಿಯಲ್ಲೇ ಇರುತ್ತದೆ. 30 ಮತ್ತು 87ನ್ನು ದಪ್ಪ ವಯರ್ ತುಂಡಿನಿಂದ, ಮಧ್ಯೆ ಒಂದು ಫ್ಯೂಸ್ ಇಟ್ಟು, ಜೋಡಿಸಿ. ಫ್ಯಾನ್ ತಿರುಗಿದರೆ ಮೋಟರ್ ಬಗ್ಗೆ ಇನ್ನು ಮಾತಿಲ್ಲ, ರಿಲೇ ಅಥವಾ ಅದನ್ನು ಎಳೆಯುವ ಕಡೆ ತೊಂದರೆ. ಆದರೆ 85, 86ಕ್ಕೆ ಬ್ಯಾಟರಿಯಿಂದ ನೇರ ಕರೆಂಟ್ ಕೊಡಬೇಡಿ. ಅದರಲ್ಲಿ ಒಂದು ವಯರ್ ಇಸಿಯುಗೆ ಹೋಗುತ್ತದೆ. ಫ್ಯಾನ್ ಸರಿ ಮಾಡಲು ಹೋಗಿ ಇಸಿಯು ಸುಟ್ಟರೆ ಆ ಬಿಲ್ ಮುಂದೆ ಫ್ಯಾನ್ ಸೆಟ್ಟಿನ ಬೆಲೆ ಏನೂ ಅಲ್ಲ.

ಜೋಡಿಸಿದರೂ ತಿರುಗಲಿಲ್ಲವೇ? ಈಗ ಫ್ಯಾನಿನ ಕಪ್ಲರ್ ಬಿಚ್ಚಿ. ನಮ್ಮ ಊರಿನಲ್ಲಿ ಎಷ್ಟೋ ಸಲ ಕಳ್ಳ ಸಿಗುವುದು ಇಲ್ಲೇ. ಪಿನ್ ಮೇಲೆ ಹಸಿರು ಕಿಲುಬು, ಪ್ಲಾಸ್ಟಿಕ್ ಒಂದು ಬದಿ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿದ ಹಾಗೆ. ಉಪ್ಪಿನ ಗಾಳಿ ಒಂದು ಕಡೆ, ಮೀನಿನ ಲಾರಿಯಿಂದ ರಸ್ತೆಗೆ ಸುರಿಯುವ ಉಪ್ಪುನೀರು ಎದುರಿನ ಚಕ್ರದಿಂದ ಹಾರಿ ಬಂದು ಬೀಳುವುದು ಇನ್ನೊಂದು ಕಡೆ, ಫ್ಯಾನ್ ಇರುವುದು ಅದರ ಎದುರಿಗೇ. ವಯರಿನ ಸಿಪ್ಪೆ ಪಿನ್ ಹತ್ತಿರ ಸ್ವಲ್ಪ ಸುಲಿದು ನೋಡಿ. ತಾಮ್ರ ಕೆಂಪಗೆ ಹೊಳೆಯಬೇಕು. ಕಪ್ಪಾಗಿ, ಉಗುರಿನಿಂದ ಕೆರೆದರೆ ಪುಡಿ ಉದುರಿದರೆ ಆ ವಯರ್ ಒಳಗಿನಿಂದ ಸತ್ತಿದೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಮಲ್ಟಿಮೀಟರ್ ನಂಬಿ ಮೋಸ ಹೋಗುವುದು ಈ ಜಾಗದಲ್ಲೇ. ಕಪ್ಲರಿನಲ್ಲಿ ಮೀಟರ್ ಇಟ್ಟರೆ 12.5 ವೋಲ್ಟ್ ತೋರಿಸುತ್ತದೆ, ಕರೆಂಟ್ ಬರುತ್ತಿದೆ, ಮೋಟರ್ ತಿರುಗುವುದಿಲ್ಲ, ಹಾಗಾದರೆ ಮೋಟರೇ ಹೋಗಿದೆ ಅಂತ ತೀರ್ಮಾನ. ತಪ್ಪು. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಸಣ್ಣದು, ಒಂದೇ ಒಂದು ಎಳೆ ಉಳಿದ ವಯರಿನಲ್ಲೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಫ್ಯಾನ್ ಎಳೆಯುವುದು 10ರಿಂದ 20 ಆಂಪಿಯರ್. ಸಂಜೆ ಹೊತ್ತು ಮನೆಯಲ್ಲಿ ಬಲ್ಬ್ ಉರಿಯುತ್ತದೆ, ತೋಟದ ಪಂಪ್ ಮಾತ್ರ ಏಳುವುದಿಲ್ಲ ಅಲ್ವಾ, ಹಾಗೆ. ಆದ್ದರಿಂದ ಅಲ್ಲಿಗೆ ಒಂದು ಹಳೆಯ ಹೆಡ್‌ಲೈಟ್ ಬಲ್ಬ್ ಜೋಡಿಸಿ ನೋಡಿ. 55 ವ್ಯಾಟಿನ ಬಲ್ಬ್ ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬೆಳ್ಳಗೆ ಉರಿದರೆ ವಯರ್ ಹೆಚ್ಚುಕಮ್ಮಿ ಸರಿ ಉಂಟು. ಮಂಕಾಗಿ ಉರಿದರೆ ಅಥವಾ ಉರಿಯದೇ ಹೋದರೆ ತೊಂದರೆ ವಯರಿನಲ್ಲಿ, ಇಲ್ಲವೇ ಅರ್ತಿನಲ್ಲಿ. ಯಾವುದು ಅಂತ ತಿಳಿಯಲು ಬಲ್ಬಿನ ಅರ್ತ್ ಕಡೆಯ ಕಾಲನ್ನು ನೇರ ಬ್ಯಾಟರಿ ನೆಗೆಟಿವ್‌ಗೆ ಹಾಕಿ. ಆಗ ಬೆಳ್ಳಗಾದರೆ ಅರ್ತ್ ವಯರೇ ಹಾಳು, ಬಾಡಿಗೆ ಬೋಲ್ಟ್ ಮಾಡಿದ ಜಾಗ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಸ್ಯಾಂಡ್ ಪೇಪರ್ ಹಾಕಿ, ಬಿಗಿ ಮಾಡಿ, ಮೇಲಿಂದ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಮುಗಿಯಿತು.

ಫ್ಯಾನ್ ತಿರುಗುತ್ತದೆ ಆದರೆ ನಿಧಾನ ಅನ್ನುವವರೂ ಇದೇ ದಾರಿ ಹಿಡಿಯಬಹುದು. ಫ್ಯಾನ್ ತಿರುಗುತ್ತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್ ಮೇಲೆ, ಇನ್ನೊಂದು ಫ್ಯಾನಿನ ಪಾಸಿಟಿವ್ ಪಿನ್ ಮೇಲೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅಷ್ಟು ವೋಲ್ಟೇಜ್ ದಾರಿಯಲ್ಲೇ ಸೋರಿಹೋಗುತ್ತಿದೆ ಅಂತ ಅರ್ಥ. ಲೋ ಸ್ಪೀಡಿನಲ್ಲಿ ಅಲ್ಲ, ಫುಲ್ ಸ್ಪೀಡಿನಲ್ಲಿ ನೋಡಬೇಕು.

ಕೊನೆಗೆ ಮೋಟರ್. ಕಪ್ಲರ್ ಬಿಚ್ಚಿಟ್ಟೇ, ಬ್ಯಾಟರಿಯಿಂದ ಎರಡು ದಪ್ಪ ವಯರಿನಲ್ಲಿ ಫ್ಯೂಸ್ ಸಮೇತ ನೇರ ಕರೆಂಟ್ ಕೊಡಿ. ಪ್ಲಸ್ ಮೈನಸ್ ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಗಾಳಿ ಎದುರಿಗೆ ತಳ್ಳುತ್ತದೆ, ಅದನ್ನೂ ಗಮನಿಸಿ. ಜೋರಾಗಿ ತಿರುಗಿದರೆ ಮೋಟರ್ ಚೆನ್ನಾಗಿ ಉಂಟು. ತಿರುಗದಿದ್ದರೆ ಮೋಟರಿನ ಬೆನ್ನಿಗೆ ಮರದ ಹಿಡಿಯಿಂದ ಮೆಲ್ಲ ತಟ್ಟಿ. ತಟ್ಟಿದಾಗ ತಿರುಗಿದರೆ ಕಾರ್ಬನ್ (ಮೋಟರಿನ ಒಳಗೆ ಕರೆಂಟ್ ದಾಟಿಸುವ ಬ್ರಷ್) ಸವೆದಿದೆ. ಕೆಲವು ಮೋಟರಿಗೆ ಕಾರ್ಬನ್ ಮಾತ್ರ ಬದಲಿಸಿ ಕೊಡುವ ಆಟೋ ಎಲೆಕ್ಟ್ರಿಷಿಯನ್‌ಗಳು ಸಿಗುತ್ತಾರೆ. ವಯರ್ ತೆಗೆದ ಮೇಲೆ ರೆಕ್ಕೆ ಕೈಯಲ್ಲಿ ತಿರುಗಿಸಿದಾಗ ಬಿಗಿ ಅಥವಾ ಕರಕರ ಅಂದರೆ ಬುಷ್ (ಶಾಫ್ಟ್ ತಿರುಗುವ ಬಳೆ) ಹೋಗಿದೆ. ಏನು ಮಾಡಿದರೂ ಅಲ್ಲಾಡಲಿಲ್ಲವೇ, ಆಗ ಮೋಟರ್ ಬದಲಿಸಿ, ನಾನೂ ಒಪ್ಪುತ್ತೇನೆ.

ಇಷ್ಟೆಲ್ಲ ನೋಡಲು ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ಜಾಸ್ತಿ ಹೊತ್ತು ಬೇಡ. ಮೆಕ್ಯಾನಿಕ್ ಹತ್ತಿರ ಅಲ್ಲ, ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಪ್ರಶ್ನೆ: ನನ್ನ ಕಾರಿನಲ್ಲಿ ಎಸಿ ಹಾಕಿದರೆ ಫ್ಯಾನ್ ತಿರುಗುತ್ತದೆ, ಎಸಿ ಇಲ್ಲದಿದ್ದರೆ ಎಷ್ಟು ಬಿಸಿಯಾದರೂ ಇಲ್ಲ. ಅದಕ್ಕೇ ಯಾವಾಗಲೂ ಎಸಿ ಹಾಕಿಕೊಂಡೇ ಓಡಿಸುತ್ತೇನೆ. ತೊಂದರೆ ಉಂಟಾ? – ಕಟಪಾಡಿಯ ಓದುಗರು

ಉತ್ತರ: ಉಪಾಯ ಚೆನ್ನಾಗಿದೆ, ಆದರೆ ಎಸಿ ಗ್ಯಾಸ್ ಖಾಲಿಯಾದ ದಿನ ಅದೂ ಇಲ್ಲ. ಗ್ಯಾಸ್ ಇಲ್ಲದಿದ್ದರೆ ಕಂಪ್ರೆಸರ್ ಎಳೆಯುವುದಿಲ್ಲ, ಫ್ಯಾನೂ ಬರುವುದಿಲ್ಲ.

ಮೊದಲು ಇಂಜಿನ್ ತಣ್ಣಗಿರುವಾಗ ಕೂಲೆಂಟ್ ಎಷ್ಟು ಉಂಟು ನೋಡಿ. ಕೂಲೆಂಟ್ ಕಮ್ಮಿಯಾದರೆ ಸೆನ್ಸರ್ ನೀರಿನಲ್ಲಿ ಮುಳುಗುವುದೇ ಇಲ್ಲ, ಗಾಳಿಯಲ್ಲಿ ಕೂತು ಸುಳ್ಳು ಲೆಕ್ಕ ಕೊಡುತ್ತದೆ. ಇದನ್ನು ನೋಡದೆ ಸೆನ್ಸರ್ ಬದಲಿಸಿದವರು ಬೇಕಾದಷ್ಟು ಜನ ಇದ್ದಾರೆ.

ಆಮೇಲೆ ಸ್ಕ್ಯಾನರ್. 2013ರ ಈಚಿನ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಮೊಬೈಲಿಗೆ ಬ್ಲೂಟೂತಿನಲ್ಲಿ ಸೇರುವ ಸಣ್ಣ ಸ್ಕ್ಯಾನರ್ ಸಾಕು. ಬೆಳಿಗ್ಗೆ, ರಾತ್ರಿಯಿಡೀ ನಿಂತ ಕಾರಿನಲ್ಲಿ ಕೀ ಆನ್ ಮಾಡಿ ಕೂಲೆಂಟ್ ಎಷ್ಟು ಡಿಗ್ರಿ ಅಂತ ನೋಡಿ. ಹೊರಗಿನ ಸೆಕೆಯಷ್ಟೇ ಇರಬೇಕು, ನಮ್ಮಲ್ಲಿ 25–30 ಅಂತಿಟ್ಟುಕೊಳ್ಳಿ. ಮೈನಸ್ 40 ತೋರಿಸಿದರೆ ಸೆನ್ಸರ್ ವಯರ್ ತುಂಡಾಗಿದೆ ಅಥವಾ ಕಪ್ಲರ್ ಬಿಟ್ಟಿದೆ. ಕಾಶ್ಮೀರದಲ್ಲೂ ಅಷ್ಟು ಚಳಿ ಇಲ್ಲ! ತಣ್ಣಗಿನ ಇಂಜಿನ್ನಿಗೆ 130 ಡಿಗ್ರಿ ತೋರಿಸಿದರೆ ಶಾರ್ಟ್ ಆಗಿದೆ. ಇಂಜಿನ್ ಓಡಿಸುತ್ತಾ ಹೋದ ಹಾಗೆ ಅಂಕಿ ಒಂದೇ ಸಮನೆ ಏರಬೇಕು, ಮಧ್ಯೆ ಹಾರಬಾರದು. ಹೆಚ್ಚಿನ ಕಾರುಗಳಲ್ಲಿ 95ರಿಂದ 105 ಡಿಗ್ರಿಯ ಒಳಗೆ ಫ್ಯಾನ್ ಬರಬೇಕು. ಮೊಬೈಲಿನಲ್ಲಿ 80 ಅಂತ ಇದ್ದು ಇಂಜಿನ್ ನಿಜವಾಗಿ ಕುದಿಯುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. 105 ದಾಟಿದರೂ ಫ್ಯಾನ್ ಬರದಿದ್ದರೆ ಸೆನ್ಸರ್ ಸರಿ ಉಂಟು, ಇಸಿಯು ಮತ್ತು ರಿಲೇ ನಡುವಿನ ವಯರ್ ನೋಡಬೇಕು, ಆಗ ಸ್ಕ್ಯಾನರಿನಲ್ಲಿ ಪಿ0480 ಅಂತ ಫ್ಯಾನ್ ಸರ್ಕ್ಯೂಟಿನ ದೋಷದ ಕೋಡ್ ಬಂದಿರುವುದೂ ಉಂಟು.

ಸ್ಕ್ಯಾನರ್ ಇಲ್ಲದವರಿಗೆ ಇನ್ನೊಂದು ದಾರಿ: ಇಂಜಿನ್ ಓಡುವಾಗ ಕೂಲೆಂಟ್ ಸೆನ್ಸರಿನ ಕಪ್ಲರ್ ಕಿತ್ತುಬಿಡಿ. ತುಂಬ ಕಾರುಗಳಲ್ಲಿ ಇಸಿಯು ಹೆದರಿ ಫ್ಯಾನನ್ನು ಫುಲ್ ಸ್ಪೀಡಿಗೆ ಹಾಕುತ್ತದೆ. ಹಾಗೆ ಬಂದರೆ ಫ್ಯಾನಿನ ದಾರಿ ಪೂರ್ತಿ ಸರಿ. ಚೆಕ್ ಇಂಜಿನ್ ಲೈಟ್ ಬರುತ್ತದೆ, ಗಾಬರಿ ಬೇಡ, ಕಪ್ಲರ್ ಹಾಕಿ ಕೆಲವು ಸಲ ಓಡಿಸಿದ ಮೇಲೆ ಹೋಗುತ್ತದೆ, ಇಲ್ಲವೇ ಅಳಿಸಬಹುದು. ತೀರ ಹಳೆಯ ಕಾರುಗಳಲ್ಲಿ ಇಸಿಯು ಮಧ್ಯೆ ಬರುವುದೇ ಇಲ್ಲ, ರೇಡಿಯೇಟರಿನಲ್ಲೇ ಒಂದು ಥರ್ಮೋ ಸ್ವಿಚ್ ಇರುತ್ತದೆ. ಅದರ ಎರಡು ವಯರನ್ನು ಕೂಡಿಸಿದರೆ ಫ್ಯಾನ್ ತಿರುಗಬೇಕು.

ಪ್ರಶ್ನೆ: ಫ್ಯಾನ್ ತಿರುಗದೆ ಗ್ಯಾರೇಜಿಗೆ ಬಿಟ್ಟಿದ್ದೆ. ಅವರು ಡೈರೆಕ್ಟ್ ಮಾಡಿ ಒಳಗೆ ಒಂದು ಸ್ವಿಚ್ ಕೊಟ್ಟಿದ್ದಾರೆ. ಈಗ ಚೆನ್ನಾಗಿ ಓಡುತ್ತಿದೆ. ಹೀಗೇ ಇಟ್ಟುಕೊಳ್ಳಬಹುದಾ? – ಮಲ್ಪೆಯ ಓದುಗರು

ಉತ್ತರ: ಮನೆ ಮುಟ್ಟಲು ಆಗಬಹುದು, ಇಟ್ಟುಕೊಳ್ಳಲು ಬೇಡ. ಫ್ಯಾನ್ ಯಾವಾಗಲೂ ತಿರುಗಿದರೆ ಇಂಜಿನ್ ಕೆಟ್ಟುಹೋಗುತ್ತದೆ ಅನ್ನುವುದು ಅಷ್ಟೇನೂ ನಿಜವಲ್ಲ, ಥರ್ಮೋಸ್ಟ್ಯಾಟ್ ಸರಿಯಿದ್ದರೆ ಇಂಜಿನ್ ತನಗೆ ಬೇಕಾದ ಬಿಸಿ ಕಾದುಕೊಳ್ಳುತ್ತದೆ. ನನ್ನ ಚಿಂತೆ ಬೇರೆ. ಆ ಸ್ವಿಚ್ ಮನೆಯ ಲೈಟಿನ ಸ್ವಿಚ್ಚಿನಷ್ಟು ಸಣ್ಣದು, ಅದರ ಮೂಲಕ 15 ಆಂಪಿಯರ್ ಹರಿಯುತ್ತಿದೆ. ಒಮ್ಮೆ ಕೈ ಹಾಕಿ ನೋಡಿ, ಬಿಸಿ ಇದ್ದರೆ ಇವತ್ತೇ ತೆಗೆಸಿ. ಮಧ್ಯೆ ಫ್ಯೂಸ್ ಹಾಕಿದ್ದಾರಾ ಕೇಳಿ. ಡೋರ್ ಬದಿಯಿಂದ ತೆಳ್ಳನೆಯ ವಯರ್ ಎಳೆದು ಟೇಪ್ ಸುತ್ತಿದ್ದರೆ ಅದು ಬೆಂಕಿಗೆ ಕರೆಯೋಲೆ. ಇನ್ನೊಂದು, ಸ್ವಿಚ್ ಹಾಕುವುದು ನೀವು ಮರೆಯದಿದ್ದರೂ, ಕಾರು ತೆಗೆದುಕೊಂಡು ಹೋದ ನಿಮ್ಮ ಭಾವ ಮರೆಯುತ್ತಾರೆ.

ಅಸಲು ತೊಂದರೆ ಎಲ್ಲಿತ್ತು ಅಂತ ಆ ಗ್ಯಾರೇಜಿನವರು ನೋಡಿಯೇ ಇಲ್ಲ. ಆದರೆ ಒಂದು ವಿಷಯ ಅವರೇ ತೋರಿಸಿಕೊಟ್ಟಿದ್ದಾರೆ: ಡೈರೆಕ್ಟ್ ಕೊಟ್ಟರೆ ತಿರುಗುತ್ತದೆ, ಅಂದರೆ ನಿಮ್ಮ ಮೋಟರ್ ಚೆನ್ನಾಗಿದೆ. ಇನ್ನು ಫ್ಯೂಸ್, ರಿಲೇ, ವಯರ್, ಸೆನ್ಸರ್ ಅಷ್ಟೇ ಬಾಕಿ, ಮೇಲಿನ ಎರಡು ಉತ್ತರ ಹಿಡಿದುಕೊಂಡು ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಪ್ರಶ್ನೆ: ಕಾರು ನಿಲ್ಲಿಸಿ ಕೀ ತೆಗೆದ ಮೇಲೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಬ್ಯಾಟರಿ ಇಳಿಯುವುದಿಲ್ಲವಾ? – ಮಣಿಪಾಲದ ಓದುಗರು

ಉತ್ತರ: ಒಂದೆರಡು ನಿಮಿಷ, ಐದು ನಿಮಿಷ ತಿರುಗಿ ನಿಂತರೆ ಅದು ರೋಗವಲ್ಲ. ಕೆಲವು ಕಂಪನಿಗಳು ಬೇಕೆಂದೇ ಹಾಗೆ ಮಾಡಿರುತ್ತವೆ, ಅದರಲ್ಲೂ ಟರ್ಬೊ ಇರುವ ಕಾರುಗಳಲ್ಲಿ. ಆದರೆ ಬೆಳಿಗ್ಗೆ ತಣ್ಣಗಿನ ಇಂಜಿನ್ನಿಗೂ ತಿರುಗುತ್ತಿದ್ದರೆ, ಅಥವಾ ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ರಿಲೇ ಕೀಳಿ. ನಿಂತರೆ ಹೊಸ ರಿಲೇ ಹಾಕಿ, ಅದು ಫ್ಯಾನ್ ಸೆಟ್ಟಿನ ಮುಂದೆ ಚಿಲ್ಲರೆ ದುಡ್ಡು. ಕಿತ್ತರೂ ನಿಲ್ಲದಿದ್ದರೆ ವಯರ್ ಎಲ್ಲೋ ಶಾರ್ಟ್, ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು ಎಲೆಕ್ಟ್ರಿಷಿಯನ್ ಕರೆಸಿ. ಬ್ಯಾಟರಿ ಲೆಕ್ಕ ಸುಲಭ: 35 ಆಂಪಿಯರ್ ಅವರ್‌ನ ಬ್ಯಾಟರಿ, ಫ್ಯಾನ್ 10 ಆಂಪಿಯರ್ ಎಳೆದರೆ ಮೂರೂವರೆ ಗಂಟೆಗೆ ಪೂರ್ತಿ ಖಾಲಿ. ಕಾರು ಸ್ಟಾರ್ಟ್ ಆಗದಿರಲು ಅಷ್ಟೂ ಬೇಡ.

ಪ್ರಶ್ನೆ: ಫ್ಯಾನ್ ಬಂದರೆ ವಿಮಾನದ ಹಾಗೆ ಜೋರಾಗಿ ಬರುತ್ತದೆ, ಮೊದಲಿನ ಹಾಗೆ ಮೆಲ್ಲ ತಿರುಗುವುದೇ ಇಲ್ಲ. – ಕುಂದಾಪುರದ ಓದುಗರು

ಉತ್ತರ: ಲೋ ಸ್ಪೀಡಿನ ರೆಸಿಸ್ಟರ್ ಸುಟ್ಟಿದೆ. ಫ್ಯಾನಿನ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆಯೇ ಇರುತ್ತದೆ, ಗಾಳಿಯಲ್ಲಿ ತಣಿಯಲಿ ಅಂತ. ಅದು ತುಂಡಾದರೆ ಲೋ ಸ್ಪೀಡ್ ಇಲ್ಲ, ಇಂಜಿನ್ ಹೈ ಸ್ಪೀಡಿನ ಬಿಸಿಗೆ ಮುಟ್ಟುವವರೆಗೆ ಫ್ಯಾನ್ ಸುಮ್ಮನೆ ಕೂತಿರುತ್ತದೆ. ಕೆಲವು ಮಾಡೆಲಿಗೆ ರೆಸಿಸ್ಟರ್ ಬಿಡಿಯಾಗಿ ಸಿಗುತ್ತದೆ, ಸೆಟ್ಟೇ ಬೇಕು ಅಂದರೆ ಇನ್ನೊಂದು ಅಂಗಡಿಯಲ್ಲೂ ಕೇಳಿ.

ಪ್ರಶ್ನೆ: ಹೊಸ ಕಾರು, ಫ್ಯಾನಿಗೆ ರಿಲೇಯೇ ಕಾಣುವುದಿಲ್ಲ, ನಾಲ್ಕು ವಯರ್ ಹೋಗುತ್ತದೆ. ಇದನ್ನು ಹೇಗೆ ನೋಡುವುದು? – ಬಿಜೈಯ ಓದುಗರು

ಉತ್ತರ: ಇದರಲ್ಲಿ ಫ್ಯಾನಿನ ಒಳಗೇ ಕಂಟ್ರೋಲ್ ಮಾಡ್ಯೂಲ್ ಇರುತ್ತದೆ, ಇಸಿಯು ಸಿಗ್ನಲ್ ಕೊಟ್ಟು ಸ್ಪೀಡ್ ಹೆಚ್ಚುಕಮ್ಮಿ ಮಾಡುತ್ತದೆ. ಎರಡು ದಪ್ಪ ವಯರಿನಲ್ಲಿ ಮೊದಲು ಹೇಳಿದ ಹೆಡ್‌ಲೈಟ್ ಬಲ್ಬಿನಿಂದ ಕರೆಂಟ್ ಮತ್ತು ಅರ್ತ್ ನೋಡಬಹುದು. ತೆಳ್ಳನೆಯ ವಯರಿಗೆ ಬಲ್ಬೂ ಬೇಡ, ಬ್ಯಾಟರಿಯೂ ಬೇಡ. ಒಳ್ಳೆಯ ಸ್ಕ್ಯಾನರಿನಲ್ಲಿ ಫ್ಯಾನನ್ನು ನೇರ ಆನ್ ಮಾಡಿ ನೋಡುವ ಆಯ್ಕೆ ಇರುತ್ತದೆ. ವಾರಂಟಿ ಇದ್ದರೆ ಕೈಯೇ ಹಾಕಬೇಡಿ.

ಪ್ರಶ್ನೆ: ತೆಂಗಿನಕಾಯಿ ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸುತ್ತೇನೆ. ಇಲಿ ಫ್ಯಾನಿನ ವಯರ್ ಕಡಿದಿದೆ. ಟೇಪ್ ಸುತ್ತಿದರೆ ಸಾಕಾ? – ಕಾರ್ಕಳದ ಓದುಗರು

ಉತ್ತರ: ಸಾಲದು. ಮೊದಲಿನಷ್ಟೇ ದಪ್ಪದ ವಯರ್, ಸೋಲ್ಡರ್, ಮೇಲೆ ಬಿಸಿ ಮಾಡಿದರೆ ಬಿಗಿಯುವ ಸ್ಲೀವ್. ಬರೀ ಟೇಪ್ ಹಾಕಿದರೆ ಬರುವ ಮಳೆಗಾಲಕ್ಕೆ ಅದೇ ಜಾಗದಲ್ಲಿ ಕಿಲುಬು. ಅಕ್ಕಪಕ್ಕದ ವಯರನ್ನೂ ಬೆರಳಿನಿಂದ ಸವರಿ ನೋಡಿ, ಇಲಿ ಒಂದನ್ನೇ ಕಡಿದು ಬಿಡುವ ಜಾತಿಯಲ್ಲ.

ಪ್ರಶ್ನೆ: ಆಗುಂಬೆ ಘಾಟಿ ಹತ್ತುವಾಗ ಮಧ್ಯದಲ್ಲಿ ಫ್ಯಾನ್ ಕೈಕೊಟ್ಟರೆ ಏನು ಮಾಡಬೇಕು? – ಹೆಬ್ರಿಯ ಓದುಗರು

ಉತ್ತರ: 14 ಹೇರ್‌ಪಿನ್ ತಿರುವು, ಮೊದಲ ಗೇರು, ಎದುರಿನ ಗಾಳಿ ಇಲ್ಲ. ಫ್ಯಾನ್ ಇಲ್ಲದೆ ಹತ್ತುವ ಯೋಚನೆ ಬಿಡಿ. ಮುಳ್ಳು ಏರುವುದು ಕಂಡ ಕೂಡಲೇ ಎಸಿ ಬಂದ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ, ಕಿಟಕಿ ಇಳಿಸಿ. ಬೆವರು ಹರಿಯುತ್ತದೆ, ಆದರೆ ಹೀಟರ್ ಅಂದರೆ ಸಣ್ಣ ರೇಡಿಯೇಟರೇ, ಇಂಜಿನ್ನಿನ ಬಿಸಿ ಅದರಿಂದ ಹೊರಗೆ ಹೋಗುತ್ತದೆ. ಅಗಲ ಇರುವಲ್ಲಿ ಬದಿಗೆ ನಿಲ್ಲಿಸಿ. ಮುಳ್ಳು ಕೆಂಪಿಗೆ ಮುಟ್ಟಿದ್ದರೆ ಇಂಜಿನ್ ಬಂದ್ ಮಾಡಿ ಬಾನೆಟ್ ತೆಗೆದಿಡಿ.

ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಒಳಗೆ ಸುಮಾರು ಒಂದು ಬಾರ್ ಒತ್ತಡ ಇರುತ್ತದೆ, ಅದರಿಂದಲೇ ಕೂಲೆಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುವುದು. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಎಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ಬಿಸಿ ಇಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ. ಪೂರ್ತಿ ತಣಿಯಲು ಕಡಿಮೆ ಅಂದರೂ ಅರ್ಧ ಮುಕ್ಕಾಲು ಗಂಟೆ ಬೇಕು.

ಕಾಯುವಾಗ ಫ್ಯಾನಿನ ಫ್ಯೂಸ್ ನೋಡಿ, ಹಾರ್ನಿನ ರಿಲೇ ಹೊಂದಿದರೆ ಬದಲಿಸಿ ನೋಡಿ. ಫ್ಯಾನ್ ಬಂದರೆ ಸರಿ. ಬರದಿದ್ದರೆ ತಣಿದ ಮೇಲೆ ಕೂಲೆಂಟ್ ಎಷ್ಟು ಉಂಟು ನೋಡಿಕೊಂಡು ಸೋಮೇಶ್ವರದ ಕಡೆಗೇ ವಾಪಸ್ ಇಳಿಯಿರಿ. ಇಳಿಜಾರಿನಲ್ಲಿ ಇಂಜಿನ್ನಿಗೆ ಹೊರೆ ಕಮ್ಮಿ. ನ್ಯೂಟ್ರಲ್ ಹಾಕಬೇಡಿ, ಗೇರಿನಲ್ಲೇ ಇಳಿಯಿರಿ. ಕೆಳಗೆ ಬಂದ ಮೇಲೆ ರಸ್ತೆ ಖಾಲಿ ಇದ್ದರೆ 50–60ರ ವೇಗದಲ್ಲಿ ನಿಲ್ಲಿಸದೆ ಹೋದರೆ ಎದುರಿನ ಗಾಳಿ ಸಾಕಾಗುತ್ತದೆ, ಪೇಟೆಯ ಟ್ರಾಫಿಕ್ ಸಿಗುವ ಮೊದಲೇ ಯಾವುದಾದರೂ ಎಲೆಕ್ಟ್ರಿಷಿಯನ್ ಅಂಗಡಿ ಎದುರು ನಿಲ್ಲಿಸಿ.